ತೋಪು ಮತ್ತು ತಿಜೋರಿ

ವಿಜಯಪುರಕ್ಕೆ ಬಂದ ಬೀಗರು ಗೋಳಗುಮ್ಮಟ ನೋಡಿದ ಮೇಲೆ ಮುಂದೆ ಕೇಳುವುದು ಮಲಿಕ್-ಎ-ಮೈದಾನ್ ತೋಪನ್ನೇ. ಊರಿನ ಪಡುವಣ ಕೋಟೆಗೋಡೆಯಲ್ಲಿರುವ ಶೇರ್ಜಾ ಬುರುಜಿನ ಮೇಲೆ ಅದು ಬಾಯಿ ತೆರೆದು ಮಲಗಿದೆ. 14 ಅಡಿಗೂ ಮಿಕ್ಕಿದ ಉದ್ದ, ಸುಮಾರು 55 ಟನ್ ತೂಕ. ಬಾಯಿಯ ಕಡೆ ಸಿಂಹದ ಮುಖ, ಅದರ ಹಲ್ಲುಗಳ ನಡುವೆ ಸಿಕ್ಕಿ ನರಳುವ ಆನೆ. 1549ರಲ್ಲಿ ಅಹ್ಮದನಗರದ ನಿಜಾಮಶಾಹಿಗಾಗಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬವನು ಇದನ್ನು ಎರಕ ಹೊಯ್ದನು. ಎರಕದವನ ಹೆಸರು ತೋಪಿನ ಮೇಲೆಯೇ ಇದೆ. 1686ರಲ್ಲಿ ಊರನ್ನು ಗೆದ್ದ ಔರಂಗಜೇಬನೂ ತನ್ನ ಗೆಲುವಿನ ಮಾತನ್ನು ಅದರ ಮೇಲೆ ಕೆತ್ತಿಸಿದ.

ಈ ತೋಪು ಮೊದಲು ಪರಾಂಡದ ಕೋಟೆಯಲ್ಲಿತ್ತು. 1632ರಲ್ಲಿ, ಮಹಮ್ಮದ್ ಆದಿಲಶಾಹನ ಕಾಲದಲ್ಲಿ, ಅದನ್ನು ಬಿಜಾಪುರಕ್ಕೆ ತಂದರು. ಹತ್ತು ಆನೆ, 400 ಎತ್ತು, ನೂರಾರು ಜನ ಎಳೆದರೆಂದು ಹೇಳುತ್ತಾರೆ. ನಡುವೆ ಭೀಮಾ ನದಿ ಅಡ್ಡ. ಎಳೆಯುವುದಕ್ಕೆ ಎತ್ತು ಬೇಕು, ನಿಜ. ಆದರೆ ಭಾರದ ವಸ್ತು ಏರಿನಲ್ಲಿ ಕಾಡುವುದಕ್ಕಿಂತ ಇಳುಕಲಿನಲ್ಲಿ ಹೆಚ್ಚು ಕಾಡುತ್ತದೆ. ಏರಿನಲ್ಲಿ ಅದು ನಿಂತುಬಿಡಬಹುದು, ಇಳುಕಲಿನಲ್ಲಿ ಮುಂದಿನವರ ಮೇಲೆಯೇ ಬರುತ್ತದೆ. ಆಗ ಹಿಂದಿನಿಂದ ಹಗ್ಗ ಹಿಡಿದು ತಡೆಯುವವರ ಕೈಯಲ್ಲಿ ಮುಂದಿನವರ ಜೀವ ಇರುತ್ತದೆ. ಇದು ನನಗೆ ಇತಿಹಾಸದ ಪುಸ್ತಕದಿಂದ ತಿಳಿದದ್ದಲ್ಲ, ತಿಕೋಟಾದ ನಮ್ಮ ಅಜ್ಜಿಯಿಂದ ತಿಳಿದದ್ದು.

1968ರ ಸುಮಾರಿಗೆ ಅಜ್ಜ ಬಿಜಾಪುರದ ವ್ಯಾಪಾರಿಯೊಬ್ಬರಿಂದ ಹಳೆಯ ಕಬ್ಬಿಣದ ತಿಜೋರಿಯೊಂದನ್ನು ಕೊಂಡರು. ಐದಾರು ಕ್ವಿಂಟಲ್ ತೂಕದ್ದು. ಆ ಕಾಲದಲ್ಲಿ ತಿಜೋರಿಯೆಂದರೆ ಜನರಿಗೆ ದೊಡ್ಡ ನಂಬಿಕೆ. 1944ರಲ್ಲಿ ಮುಂಬಯಿ ಬಂದರಿನಲ್ಲಿ ಹಡಗು ಸಿಡಿದು ಬೆಂಕಿ ಹತ್ತಿದಾಗ ಗೋದ್ರೇಜ್ ತಿಜೋರಿಗಳ ಒಳಗಿನ ಕಾಗದಗಳು ಉಳಿದವೆಂಬ ಸುದ್ದಿ ಹಳ್ಳಿಯವರೆಗೂ ಬಂದಿತ್ತು. ಅಜ್ಜನ ಬಳಿ ಬೆಳೆ ಕಾಯುವ ಪರವಾನಗಿ ಬಂದೂಕು ಇತ್ತು. ಮನೆಯ ತುಂಬ ಮಕ್ಕಳು. ಬಂದೂಕು, ಹೊಲದ ಕಾಗದ, ಹೆಣ್ಣುಮಕ್ಕಳ ಬಂಗಾರ ಎಲ್ಲವೂ ನೆಲಮಾಳಿಗೆಯ ತಿಜೋರಿಯಲ್ಲಿರಲಿ ಎಂದು ಅವರ ವಿಚಾರ.

ತಿಜೋರಿ ಲಾರಿಯಲ್ಲಿ ಬಾಗಿಲಿಗೆ ಬಂತು. ಮುಂದೆ ಒಂಬತ್ತು ಕಲ್ಲು ಮೆಟ್ಟಿಲು ಇಳಿಯಬೇಕು. ಗಂಡಸರು ಆರು ಜನ ಕೆಳಗೆ ನಿಂತು ಹೆಗಲು ಕೊಡುವುದೆಂದು ಮಾತಾಡಿಕೊಂಡರು. ಅಜ್ಜಿ ಒಪ್ಪಲಿಲ್ಲ. ತವರಾದ ಬಬಲೇಶ್ವರಕ್ಕೆ ಹೇಳಿ ಕಳಿಸಿ, ಭಾರ ಇಳಿಸಿ ಬಲ್ಲ ನಾಲ್ವರು ಹಮಾಲರನ್ನೂ ಬಾವಿಯ ದಪ್ಪ ಹಗ್ಗವನ್ನೂ ತರಿಸಿದರು. ಬರುವವರೆಗೆ ತಿಜೋರಿ ಎರಡು ದಿನ ಅಂಗಳದಲ್ಲೇ ಇತ್ತು. ಅಷ್ಟರೊಳಗೆ ಅಜ್ಜಿ ಮೆಟ್ಟಿಲಿನ ಅಗಲ, ತಿಜೋರಿಯ ಅಗಲ ಎರಡನ್ನೂ ನೂಲಿನಿಂದ ಅಳೆದು ನೋಡಿದ್ದರು.

ಮೊದಲು ಒಳಗಿನ ಖಾನೆಗಳನ್ನೆಲ್ಲ ತೆಗೆದು ಹಗುರ ಮಾಡಿದರು. ಬಾಗಿಲು ತೆರೆಯದಂತೆ ಕೌದಿ ಸುತ್ತಿ ಬಿಗಿದರು. ಪಡಸಾಲೆಯ ಹಾಸುಗಲ್ಲಿನ ಮೇಲೆ ದುಂಡನೆಯ ಕಟ್ಟಿಗೆ ಇಟ್ಟು, ಹಾರೆಯಿಂದ ಮೀಟುತ್ತ ಉರುಳಿಸಿ ತಂದರು. ಮೆಟ್ಟಿಲಿನ ಮೇಲೆ ಬೇವಿನ ದಪ್ಪ ಹಲಗೆಗಳನ್ನು ಹಾಸಿದರು. ಹಗ್ಗವನ್ನು ಪಡಸಾಲೆಯ ಕಂಬಕ್ಕೆ ಎರಡು ಸುತ್ತು ಹಾಕಿ, ಮೇಲಿನಿಂದ ಗೇಣು ಗೇಣಾಗಿ ಸಡಿಲ ಬಿಟ್ಟರು. ಸುತ್ತು ಹಾಕಿದ ಹಗ್ಗ ಕಂಬಕ್ಕೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ಇಬ್ಬರ ಕೈ ಅಷ್ಟು ಭಾರವನ್ನು ತಡೆಯಿತು.

ಅಜ್ಜಿ ಮೇಲಿನ ಮೆಟ್ಟಿಲಲ್ಲಿ ನಿಂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ಕೆಳಗ ಯಾರೂ ನಿಲ್ಲಬ್ಯಾಡ್ರಪ್ಪಾ. ಪೆಟ್ಟಿಗಿ ಹೋದ್ರ ಹೋಗ್ಲಿ, ಮಂದಿ ಹೋಗಬಾರದು."

ನಡುವೆ ಒಮ್ಮೆ ಹಲಗೆ ಸರಿದು ತಿಜೋರಿ ಒಂದು ಮೊಳ ಜಾರಿತು. ಕೆಳಗೆ ಯಾರೂ ಇರಲಿಲ್ಲ. ಕಂಬ ಕಿರುಗುಟ್ಟಿತು, ಹಗ್ಗ ಹಿಡಿಯಿತು. ಹತ್ತು ವರ್ಷದವಳಾದ ನಾನು ಬಾಗಿಲ ಸಂದಿನಿಂದ ನೋಡುತ್ತಿದ್ದೆ. ಆರು ಜನ ನಿಲ್ಲಬೇಕೆಂದಿದ್ದ ಜಾಗವನ್ನು ಎಲ್ಲರೂ ಒಮ್ಮೆ ನೋಡಿದರು. ಯಾರೂ ಏನೂ ಅನ್ನಲಿಲ್ಲ.

ತಿಜೋರಿ ತಳಕ್ಕೆ ಮುಟ್ಟಿದ ಮೇಲೆ, ನೆಲದ ಥಂಡಿಗೆ ಜಂಗು ಹಿಡಿಯಬಾರದೆಂದು ಅಡಿಗೆ ಎರಡು ತೊಲೆ ಕೊಟ್ಟರು. ಬಂದೂಕಿಗೆ ಎಣ್ಣೆ ಒರೆಸಿ ಇಟ್ಟರು. ತೋಟಾಗಳನ್ನು ಬೇರೆ ಕಡೆ ಇಡಿಸಿದವರೂ ಅಜ್ಜಿಯೇ. ಹಮಾಲರಿಗೆ ಹೋಳಿಗೆ ಊಟ ಆಯಿತು. ಅಜ್ಜ ಎರಡೂ ಕೀಲಿಕೈಗಳನ್ನು ತಮ್ಮ ಸಂಚಿಗೆ ಹಾಕಿಕೊಂಡರು. ಆಗ ಅಜ್ಜಿ ಎಲ್ಲರೆದುರಿಗೇ ಕೇಳಿದರು: "ಇಷ್ಟು ವಜ್ಜಾದ ಪೆಟ್ಟಿಗಿ ಇಳಿಸೂದು ನನಗ ಬರತೈತಿ. ಒಂದು ಕೀಲಿಕೈ ಇಟಗೊಳ್ಳೂದು ಬರೂದಿಲ್ಲೇನ್ರಿ?"

ಒಳಗಿದ್ದ ಬಂಗಾರ ತವರಿನವರು ಅವರಿಗೆ ಹಾಕಿದ್ದು. ಹೆಣ್ಣಿನ ಸೊತ್ತಿಗೆ ಹೆಣ್ಣೇ ಪೂರ್ಣ ಒಡತಿ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೇಳಿ ಆಗ ಹನ್ನೆರಡು ವರ್ಷವಾಗಿತ್ತು. ಅಜ್ಜಿ ಕಾಯಿದೆ ಓದಿದವರಲ್ಲ. ಅಜ್ಜ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮುಂಜಾನೆ ಒಂದು ಕೀಲಿಕೈ ದೇವರ ಜಗುಲಿಯ ಮೇಲೆ ಇತ್ತು. ಅಜ್ಜಿ ಅದನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ವರ್ಷವೇ ನನ್ನ ಚಿಕ್ಕತ್ತೆಯ ಕಾಲೇಜಿನ ಖರ್ಚಿಗೆ ಆ ತಿಜೋರಿಯಿಂದ ಒಂದು ಜೋಡಿ ಪಾಟಲಿ ಹೊರಗೆ ಬಂತು.

ತೋಪಿನ ಕತೆ ಮುಂದೆ ಬೇರೆಯೇ ಆಯಿತು. 1854ರಲ್ಲಿ ಬ್ರಿಟಿಷರ ಆಡಳಿತದಲ್ಲಿ ಅದು ಲಿಲಾವಿಗೆ ಬಂದು 150 ರೂಪಾಯಿಗೆ ಹೋಗಿತ್ತು. ಆ ಮಾರಾಟ ರದ್ದಾದದ್ದರಿಂದ ಇಂದಿಗೂ ನಮ್ಮ ಊರಿನಲ್ಲಿದೆ. ಬಡಿದರೆ ಗಂಟೆಯಂತೆ ನಾದ ಕೊಡುತ್ತದೆ. ಎರಕದವನ ಹೆಸರು, ಗೆದ್ದವನ ಹೆಸರು ಎರಡೂ ಅದರ ಮೇಲಿವೆ. ಆನೆ ಎತ್ತುಗಳ ಲೆಕ್ಕವನ್ನೂ ಜನ ನೆನಪಿಟ್ಟಿದ್ದಾರೆ. ಭೀಮೆಯ ದಂಡೆ ಇಳಿಯುವಾಗ ಹಿಂದಿನಿಂದ ಹಗ್ಗ ಹಿಡಿದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಮುಂದಿನವರು ದೂರ ಸರಿಯಲಿ ಎಂದು ಅಲ್ಲಿಯೂ ಯಾರಾದರೂ ಕೂಗಿರಬೇಕು. ಬುರುಜಿನ ಮೆಟ್ಟಿಲು ಹತ್ತುವಾಗಲೆಲ್ಲ ನಾನು ಮೊದಲು ನೆನೆಯುವುದು ಅವರನ್ನೇ.