ಗಾಜಿನ ನಳಿಕೆ, 20 ನಿಮಿಷ: ಕುಣಿಗಲ್ ಸೀಮೆಯ ಹಾವು ಕಡಿತ ಮತ್ತು ಪಿಜಿ ವೈದ್ಯರ ಕಲಿಕೆ

ಕುಣಿಗಲ್ ಕಡೆ ರಾಗಿ ಕೊಯ್ದು ಮೆದೆ ಹಾಕುವ ಹೊತ್ತಿಗೆ ಹೊಲಕ್ಕೆ ಇಲಿ ಸೇರುತ್ತವೆ. ಇಲಿಯ ಬೆನ್ನಿಗೆ ಕೊಳಕುಮಂಡಲ ಬರುತ್ತದೆ. ಅದು ಕಡಿದ ಕಾಲು ಊದಿಕೊಂಡು ಆಸ್ಪತ್ರೆಗೆ ಬಂದವರ ರಕ್ತ ಹೆಪ್ಪುಗಟ್ಟುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಬೇಕಾದದ್ದು ಒಂದು ಗಾಜಿನ ನಳಿಕೆ ಮತ್ತು ಗಡಿಯಾರ. ಮಂಚದ ಪಕ್ಕದಲ್ಲಿ ಮಾಡುವ ಪರೀಕ್ಷೆಗಳಲ್ಲಿ ಇಷ್ಟು ಅಗ್ಗದ್ದು ಇನ್ನೊಂದಿಲ್ಲ. ಕಲಿಸದೆ ಬಿಟ್ಟರೆ ಇಷ್ಟು ಬೇಗ ಕೆಡುವಂಥದ್ದೂ ಇಲ್ಲ ಎಂಬುದು ಈ ಟಿಪ್ಪಣಿಯ ವಾದ.

ವಿಧಾನ ಹೀಗಿದೆ. ರಕ್ತನಾಳದಿಂದ ಆಗಷ್ಟೇ ತೆಗೆದ 2 ಮಿ.ಲೀ. ರಕ್ತವನ್ನು ಶುಭ್ರವಾದ, ಒಣಗಿದ ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲುಗಿಸದೆ ಇಡಬೇಕು. ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ವಿಷವು ಹೆಪ್ಪುಗಟ್ಟಿಸುವ ಅಂಶಗಳನ್ನು ತಿಂದುಹಾಕಿದೆ ಎಂದರ್ಥ, ಹಾವಿನ ವಿಷಕ್ಕೆ ಪ್ರತಿವಿಷವಾದ ಎಎಸ್‌ವಿ ಶುರುಮಾಡಬೇಕು. ಗಾಜೇ ಯಾಕೆ? ಹೆಪ್ಪುಗಟ್ಟುವ ಸರಪಳಿಯನ್ನು ಚಾಲೂ ಮಾಡುವುದು ಗಾಜಿನ ಮೈ. ಪ್ಲಾಸ್ಟಿಕ್ ನಳಿಕೆಗೆ ಆ ಗುಣವಿಲ್ಲ. ಸೋಪಿನ ನೀರಿನಲ್ಲಿ ತೊಳೆದ ಗಾಜೂ ಅದನ್ನು ಕಳೆದುಕೊಳ್ಳುತ್ತದೆ. ಆಗ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಹರಿಯಬಹುದು, ಬೇಡದವರಿಗೆ ಔಷಧ ಹೋಗಬಹುದು. ಹೀಗಾಗಿ ನಳಿಕೆ ತೊಳೆದಿಡುವವರ ಕೆಲಸವೂ ಈ ಪಾಠದ ಒಂದು ಭಾಗ.

ಕಲಿಕೆಯಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಶ್ರೀಲಂಕಾದ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ಓದಬೇಕು. ಎರಡೂ ಕೊಳಕುಮಂಡಲದ ಸೀಮೆಯವು. 2013ರಲ್ಲಿ ಪ್ರಕಟವಾದದ್ದರಲ್ಲಿ ಆಸ್ಪತ್ರೆಯ ದೈನಂದಿನ ಓಡಾಟದ ನಡುವೆ ಮಾಡಿದ ಈ ಪರೀಕ್ಷೆ, ರಕ್ತ ಕೆಟ್ಟವರಲ್ಲಿ ಶೇ. 40ರಷ್ಟು ಮಂದಿಯನ್ನು ಮಾತ್ರ ಗುರುತಿಸಿತು. 2017ರಲ್ಲಿ ಪ್ರಕಟವಾದದ್ದರಲ್ಲಿ ತರಬೇತಾದವರು ನಿಗದಿಯಾದ ಒಂದೇ ಬಗೆಯ ಗಾಜಿನ ನಳಿಕೆ ಬಳಸಿ ಮಾಡಿದರು, ಗುರುತಿಸಿದ ಪ್ರಮಾಣ ಶೇ. 82ಕ್ಕೆ ಏರಿತು. ಆಸ್ಪತ್ರೆ, ರೋಗಿಗಳು ಬೇರೆಯಾದ್ದರಿಂದ ವ್ಯತ್ಯಾಸವನ್ನೆಲ್ಲ ತರಬೇತಿಯ ಲೆಕ್ಕಕ್ಕೇ ಹಾಕುವಂತಿಲ್ಲ. ಆದರೂ ಅದರ ಬಹುಪಾಲು ನಳಿಕೆಯದ್ದು ಮತ್ತು ಕೈಯದ್ದು ಎಂದೇ ನಾನು ಓದುತ್ತೇನೆ. ಪರೀಕ್ಷೆಯನ್ನೇ ನಂಬಬಾರದು ಎಂದು ಕೆಲವರು ಮೊದಲ ಅಧ್ಯಯನವನ್ನು ಎತ್ತಿ ಹೇಳುವುದುಂಟು. ನನಗೆ ಅದು ಕಲಿಸುವವರ ಮುಂದಿಟ್ಟ ದೂರಾಗಿ ಕಾಣುತ್ತದೆ.

ಹಾವು ಕಡಿತದ ಚಿಕಿತ್ಸಾ ಮಾರ್ಗಸೂಚಿಯ ಉಳಿದ ಭಾಗ ಈ ನಳಿಕೆಯ ಮೇಲೇ ನಿಂತಿದೆ. ಮೊದಲ ಪ್ರಮಾಣ 10 ವಯಲ್, ಸುಮಾರು ಒಂದು ಗಂಟೆಯಲ್ಲಿ ಡ್ರಿಪ್ ಮೂಲಕ. ಮಗುವಿಗೂ ಅಷ್ಟೇ, ಏಕೆಂದರೆ ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಚರ್ಮದಲ್ಲಿ ಪರೀಕ್ಷಾ ಚುಚ್ಚುಮದ್ದು ಬೇಡ. ಕುಣಿಗಲ್ ಎಂದರೆ ಹೊರಗಿನವರಿಗೆ ಕುದುರೆ ಫಾರಂ ನೆನಪಾಗುತ್ತದೆ. ಎಎಸ್‌ವಿಯೂ ಕುದುರೆಯ ರಕ್ತದಿಂದಲೇ ಬರುವಂಥದ್ದು, ಬೇರೆಡೆ ಸಾಕಿದ ಕುದುರೆಗಳದ್ದು. ಆ ಪ್ರೋಟೀನು ಮೈಗೆ ಒಗ್ಗದೆ ತುರಿಕೆ, ಉಬ್ಬಸ, ರಕ್ತದೊತ್ತಡದ ಕುಸಿತ ಬರಬಹುದಾದ್ದರಿಂದ ಡ್ರಿಪ್ ಹಾಕುವ ಮೊದಲೇ ಅಡ್ರಿನಲಿನ್ ಸಿರಿಂಜಿನಲ್ಲಿ ತಯಾರಿರಬೇಕು. ಎರಡನೆಯ ಬಾರಿ ನಳಿಕೆ ನೋಡುವುದು 6 ಗಂಟೆಯ ನಂತರ. ಯಕೃತ್ತು ಹೊಸದಾಗಿ ಅಂಶಗಳನ್ನು ತಯಾರಿಸಲು ಅಷ್ಟು ಸಮಯ ಬೇಕು. ಈ ಕಾರಣ ಗೊತ್ತಿಲ್ಲದ ಪಿಜಿ ಆತಂಕದಲ್ಲಿ ಒಂದು ಗಂಟೆಗೇ ನೋಡಿ ಇನ್ನೂ 10 ವಯಲ್ ಹಾಕಿಬಿಡಬಹುದು.

ನಳಿಕೆ ಹೇಳದ ಸಂಗತಿಯೂ ಇದೆ. ನಾಗರ ಅಥವಾ ಕಟ್ಟುಹಾವು ಕಡಿದಿದ್ದರೆ ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತದೆ, ಉಸಿರು ಕಟ್ಟುತ್ತದೆ. ಅಲ್ಲಿ ಬೇಕಾದದ್ದು ಮಾತು. ‘ಕಣ್ಣು ಅಗಲಿಸಿ ನೋಡಮ್ಮ, ಎರಡೆರಡು ಕಾಣ್ತೈತಾ?’, ‘ಒಂದೇ ಉಸಿರಲ್ಲಿ ಎಣಿಸಿ’ ಎಂದು ಕೇಳಬೇಕು. ಅರ್ಧ ಗಂಟೆಯ ಹಿಂದೆ 25ರವರೆಗೆ ಎಣಿಸಿದವರು ಈಗ 12ಕ್ಕೆ ನಿಂತರೆ ಉಸಿರಾಟದ ಸ್ನಾಯು ಸೋಲುತ್ತಿದೆ. ನೀಟ್ ಬರೆದು ಬೇರೆ ರಾಜ್ಯದಿಂದ ಬಂದ ಪಿಜಿಗೆ ಈ ಎರಡು ಕನ್ನಡ ವಾಕ್ಯಗಳು ಸ್ಟೆತೊಸ್ಕೋಪಿನಷ್ಟೇ ಅಗತ್ಯ.

ಇದನ್ನೆಲ್ಲ ಎಲ್ಲಿ ಕಲಿಯುವುದು? ದೊಡ್ಡ ಆಸ್ಪತ್ರೆಯಲ್ಲಿ ರಾತ್ರಿಯೂ ಲ್ಯಾಬ್ ತೆರೆದಿರುತ್ತದೆ, ಹೆಪ್ಪುಗಟ್ಟುವಿಕೆ ಅಳೆಯುವ ಐಎನ್ಆರ್ ವರದಿ ಬರುತ್ತದೆ, ನಳಿಕೆಯ ಅಭ್ಯಾಸ ತಪ್ಪುತ್ತದೆ. ಅದು ಅನಿವಾರ್ಯವಾಗುವುದು ತಾಲ್ಲೂಕು ಮಟ್ಟದಲ್ಲಿ. ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ನಿಯಮಾವಳಿಯ 2020ರ ತಿದ್ದುಪಡಿಯಿಂದ ಬಂದ ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮದಂತೆ ಪಿಜಿಗಳು ಮೂರರಿಂದ ಐದನೆಯ ಸೆಮಿಸ್ಟರಿನ ನಡುವೆ 3 ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯಬೇಕು. ಆಗ ಆಸ್ಪತ್ರೆಗೆ ಕನಿಷ್ಠ 100 ಹಾಸಿಗೆ ಬೇಕೆಂದಿದ್ದ ಷರತ್ತನ್ನು 2023ರ ನಿಯಮಾವಳಿ 50ಕ್ಕೆ ಇಳಿಸಿತು. ಹೀಗೆ ತಗ್ಗಿದ ಮಿತಿಯನ್ನು ಬಳಸಿಕೊಂಡು ಕುಣಿಗಲ್, ಗುಬ್ಬಿಯಂಥ ಊರುಗಳನ್ನೂ ಈ ಮೂರು ತಿಂಗಳ ಕಲಿಕೆಗೆ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ. 2024ರ ಫೆಬ್ರವರಿಯಲ್ಲಿ ಕರ್ನಾಟಕವು ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯಾಗಿ ಘೋಷಿಸಿದೆ. ವರದಿ ಮಾಡುವ ಹೊಣೆ ಬಂದಮೇಲೆ ಸರಿಯಾಗಿ ಪರೀಕ್ಷಿಸುವ ಹೊಣೆಯೂ ಬಂದಂತೆಯೇ. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜನ್ನು ಮರೆಯುವಂತಿಲ್ಲ.

ಕಲಿಸುವ ಕ್ರಮದ ಬಗ್ಗೆ ಒಂದು ಸಲಹೆ. ಹಿರಿಯರು ಮಾತಿಲ್ಲದೆ ಒಮ್ಮೆ ಮಾಡಿ ತೋರಿಸಲಿ, ಎರಡನೆಯ ಸಲ ಕಾರಣ ಹೇಳುತ್ತಾ ಮಾಡಲಿ, ಮೂರನೆಯ ಸಲ ಪಿಜಿ ಬಾಯಲ್ಲಿ ಹೇಳಿದಂತೆ ಮಾಡಲಿ, ಆಮೇಲೆ ಪಿಜಿಯೇ ಮಾಡಲಿ. ನಳಿಕೆಯ ಮೇಲೆ ಅನುಮಾನವಿದ್ದಾಗ ಆರೋಗ್ಯವಂತರ ರಕ್ತವನ್ನೂ ಪಕ್ಕದಲ್ಲಿಟ್ಟು ಹೋಲಿಸುವ ಪದ್ಧತಿಯಿದೆ. ಕಲಿಯುವಾಗ ಆ ರಕ್ತ ಪಿಜಿಯದ್ದೇ ಆಗಿರಲಿ. ಮೌಲ್ಯಮಾಪನಕ್ಕೆ ಲಾಗ್‌ಬುಕ್ಕಿನ ಸಹಿ ಸಾಲದು, ಪಕ್ಕದಲ್ಲಿ ನಿಂತು ನೋಡಿದವರ ಸಹಿ ಬೇಕು. ತುಮಕೂರಿಗೆ 108ರಲ್ಲಿ ಕಳಿಸುವ ಪ್ರಸಂಗ ಬಂದರೆ ರೆಫರಲ್ ಚೀಟಿಯಲ್ಲಿ ರಕ್ತ ತೆಗೆದ ಗಂಟೆ, ನಳಿಕೆ ಓರೆ ಮಾಡಿದ ಗಂಟೆ, ಹೋದ ವಯಲ್‌ಗಳ ಎಣಿಕೆ, ಎಎಸ್‌ವಿ ಶುರುವಾದ ವೇಳೆ ಇವಿಷ್ಟನ್ನೂ ಪಿಜಿ ತನ್ನ ಕೈಯಿಂದಲೇ ಬರೆಯಬೇಕು. ಮುಂದಿನ ನಳಿಕೆ ಎಷ್ಟು ಹೊತ್ತಿಗೆ ಎಂದು ಅಲ್ಲಿನ ಡ್ಯೂಟಿ ಡಾಕ್ಟರಿಗೆ ತಿಳಿಯುವುದು ಆ ಚೀಟಿಯಿಂದಲೇ.