ಮರಳಿ ಬಂದವರ ಸಾಕ್ಷ್ಯ: ಕೆನರಾ ಕ್ರೈಸ್ತರ ಸೆರೆವಾಸ ಮತ್ತು ಅಬ್ಬೆ ದುಬ್ವಾ ಅವರ ತೀರ್ಪು

ಮೈಸೂರು ಸೀಮೆಯಲ್ಲಿ ಎರಡು ದಶಕಗಳಿಗೂ ಮಿಕ್ಕು ಕೆಲಸ ಮಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರು, ಇಂಡಿಯಾದಲ್ಲಿನ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು ಬರೆದ ಪತ್ರಗಳ ಸಂಪುಟವನ್ನು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಟಿಪ್ಪು ಸುಲ್ತಾನನ ಕಾಲದಲ್ಲಿ ಸೆರೆಯಾದ ಕ್ರೈಸ್ತರನ್ನು ಕುರಿತು ಅದರಲ್ಲಿ ಎರಡು ಮಾತುಗಳಿವೆ. ಬಲವಂತದ ಮತಾಂತರಕ್ಕೆ ಗುರಿಯಾದಾಗ ‘ನಾನು ಕ್ರೈಸ್ತ, ಸಾಯಲು ಸಿದ್ಧ’ ಎಂದು ಹೇಳಿದವನು ಒಬ್ಬನೂ ಇರಲಿಲ್ಲ ಎಂಬುದು ಮೊದಲನೆಯದು. ಸುಲ್ತಾನನು ಮಡಿದ ಬಳಿಕ ಅವರಲ್ಲಿ ಬಹುಮಂದಿ ತಾವಾಗಿಯೇ ಹಿಂದಿನ ನಂಬಿಕೆಗೆ ಮರಳಿದರು ಎಂಬುದು ಎರಡನೆಯದು. ದುಬ್ವಾ ಅವರು ತಮ್ಮ ತೀರ್ಪನ್ನು ಮೊದಲ ಮಾತಿನ ಮೇಲೆ ನಿಲ್ಲಿಸಿದರು. ಎರಡನೆಯದಕ್ಕೆ ಸಲ್ಲಬೇಕಾದ ತೂಕ ಸಂದಿಲ್ಲವೆಂಬುದು ಈ ಲೇಖನದ ವಾದ.

ಘಟನೆಯ ಹಿನ್ನೆಲೆಯಲ್ಲಿ ಎರಡನೆಯ ಆಂಗ್ಲೋ-ಮೈಸೂರು ಯುದ್ಧವಿದೆ. 1783ರ ಆರಂಭದಲ್ಲಿ ಇಂಗ್ಲಿಷ್ ಸೇನಾನಿ ಮ್ಯಾಥ್ಯೂಸ್ ಬಿದನೂರನ್ನೂ ಮಂಗಳೂರನ್ನೂ ಹಿಡಿದನು. ಕರಾವಳಿಯ ಕೊಂಕಣಿ ಭಾಷಿಕ ಕೆಥೋಲಿಕರು ಅವನಿಗೆ ನೆರವಾದರೆಂಬ ಆರೋಪ ಹುಟ್ಟಿತು. 1784ರಲ್ಲಿ ಮಂಗಳೂರು ಮತ್ತೆ ಕೈವಶವಾದಾಗ ಟಿಪ್ಪು ಅವರ ಆಸ್ತಿಯನ್ನು ಮುಟ್ಟುಗೋಲು ಹಾಕಿ, ಚರ್ಚುಗಳನ್ನು ಕೆಡವಿಸಿ, ಕುಟುಂಬ ಸಮೇತ ಅವರನ್ನು ಘಟ್ಟದ ಮೇಲಿನ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಹೀಗೆ ಹೋದವರ ಸಂಖ್ಯೆಯ ಬಗ್ಗೆ ಸಮಕಾಲೀನರಲ್ಲಿ ಒಮ್ಮತವಿಲ್ಲ. ಅಲ್ಲಿಯೇ ಸೆರೆಯಲ್ಲಿದ್ದ ಇಂಗ್ಲಿಷ್ ನಾವಿಕ ಜೇಮ್ಸ್ ಸ್ಕರಿ 30,000 ಎನ್ನುತ್ತಾನೆ. ದುಬ್ವಾ 60,000 ಎನ್ನುತ್ತಾರೆ. ಫ್ರಾನ್ಸಿಸ್ ಬುಕಾನನ್ ಅದಕ್ಕೂ ಹೆಚ್ಚಿನ ಸಂಖ್ಯೆಯನ್ನು ಕೊಡುತ್ತಾನೆ. ಇದೇ ಸುಲ್ತಾನನು ಶೃಂಗೇರಿ ಮಠಕ್ಕೆ ನೆರವಿತ್ತದ್ದೂ ದಾಖಲಾಗಿದೆ. ಆದ್ದರಿಂದ ಈ ಸೆರೆವಾಸವನ್ನು ಮತದ್ವೇಷದ ಕಥೆಯೆಂದಷ್ಟೇ ಓದಲಾಗದು, ಯುದ್ಧಕಾಲದ ರಾಜಕಾರಣವೆಂದಷ್ಟೇ ಹೇಳಿ ಮುಗಿಸಲೂ ಆಗದು. ಅನುಭವಿಸಿದವರ ಪಾಲಿಗೆ ಅವೆರಡೂ ಒಂದೇ ಆಗಿದ್ದವು.

ಹದಿನೈದು ವರ್ಷಗಳ ಈ ಅವಧಿಯಲ್ಲಿ ಅನೇಕರು ಸತ್ತರು. ಯುವಕರನ್ನು ಸೈನ್ಯಕ್ಕೆ ಸೇರಿಸಲಾಯಿತು, ಸುನ್ನತಿ ಮಾಡಿಸಿ ಹೊಸ ಹೆಸರಿಡಲಾಯಿತು. ಕೆಲವರು ತಪ್ಪಿಸಿಕೊಂಡು ಕೊಡಗನ್ನು ಸೇರಿದರು. ದೊಡ್ಡ ವೀರರಾಜೇಂದ್ರ ಅರಸನು 1792ರಲ್ಲಿ ಕಟ್ಟಿಸಿದ ವೀರರಾಜಪೇಟೆಯಲ್ಲಿ ಅಂಥವರಿಗೆ ಆಶ್ರಯ ಸಿಕ್ಕಿತು. ಅಲ್ಲಿನ ಸಂತ ಅನ್ನಮ್ಮನವರ ಚರ್ಚಿನ ಮೂಲ ಇದೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ, 1792ರಲ್ಲಿ ಗುರುದೀಕ್ಷೆ ಪಡೆದು ಭಾರತಕ್ಕೆ ಹೊರಟಿದ್ದ ದುಬ್ವಾ ಈಗ ಮೈಸೂರಿಗೆ ಬಂದರು. ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿ, ಮತಾಂತರಗೊಂಡವರನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳುವುದು ಅವರ ಮೊದಲ ಕೆಲಸವಾಯಿತು. ನಿರ್ಗತಿಕರಾದವರಿಗೆ ಬೇಸಾಯದ ವಸಾಹತುಗಳನ್ನೂ ಏರ್ಪಡಿಸಿದರು. ಮರಳಿದವರಲ್ಲಿ ಸುಮಾರು 2,000 ಮಂದಿ ತಮ್ಮ ಬಳಿಗೇ ಬಂದರೆಂದೂ 20,000ದಷ್ಟು ಜನ ಮಂಗಳೂರು ಸೀಮೆಗೆ ಹಿಂತಿರುಗಿದರೆಂದೂ ಅವರು ಬರೆಯುತ್ತಾರೆ. ನಾವು ಹೊರಗಿನಿಂದ ಮಾತ್ರ ಮತ ಬಿಟ್ಟಿದ್ದೆವು, ಒಳಗೆ ನಂಬಿಕೆಯನ್ನು ಉಳಿಸಿಕೊಂಡಿದ್ದೆವು ಎಂಬುದು ಬಂದವರ ನಿವೇದನೆಯಾಗಿತ್ತು.

ಈ ನಿವೇದನೆಯನ್ನು ಹೇಗೆ ಸ್ವೀಕರಿಸಬೇಕು? ಕ್ರೈಸ್ತಸಭೆಗೆ ಇದು ಹೊಸ ಪ್ರಶ್ನೆಯಾಗಿರಲಿಲ್ಲ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞಾಪಿಸಿದಾಗ ಬಹುಮಂದಿ ಕ್ರೈಸ್ತರು ಮಣಿದಿದ್ದರು. ಅಂಥವರಿಗೆ ಸಭೆಯಲ್ಲಿ ಇನ್ನು ಸ್ಥಾನವೇ ಇಲ್ಲವೆಂದು ನೊವೇಷಿಯನ್ ಪಕ್ಷದವರು ಹಟ ಹಿಡಿದರು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮೊದಲಾದವರು ಪ್ರಾಯಶ್ಚಿತ್ತದ ಬಳಿಕ ಸೇರಿಸಿಕೊಳ್ಳಬಹುದೆಂದರು. ಸಭೆ ಹಿಡಿದದ್ದು ಆ ದಾರಿಯನ್ನೇ. ಶ್ರೀರಂಗಪಟ್ಟಣದಲ್ಲಿ ದುಬ್ವಾ ಪಾದ್ರಿಯಾಗಿ ಸಿಪ್ರಿಯನ್ನನ ದಾರಿಯಲ್ಲಿ ನಡೆದರು. ಇಪ್ಪತ್ತು ವರ್ಷಗಳ ನಂತರ ಗ್ರಂಥಕಾರರಾಗಿ ನೊವೇಷಿಯನ್ನನ ಅಳತೆಗೋಲನ್ನು ಹಿಡಿದರು.

ಆ ಅಳತೆಗೋಲಿಗೆ ಸಿಗದ ಸಂಗತಿಗಳಿವೆ. ಮರಳುವುದರಿಂದ ಲಾಭವಿತ್ತು, ಭೂಮಿ ಸಿಗುವ ಆಸೆಯಿತ್ತು ಎನ್ನಬಹುದು. ಅದು ನಿಜವೂ ಹೌದು. ಆದರೆ ಹದಿನೈದು ವರ್ಷಗಳಲ್ಲಿ ಸೆರೆಯಲ್ಲೇ ಹುಟ್ಟಿ ಬೆಳೆದ ಮಕ್ಕಳಿದ್ದರು. ಚರ್ಚನ್ನು ಕಾಣದ ಆ ಮಕ್ಕಳೂ ಹೆತ್ತವರೊಡನೆ ಮರಳಬೇಕಾದರೆ ಮನೆಯೊಳಗೆ ಏನೋ ಉಳಿದಿರಲೇಬೇಕು. ಊರಿಗೆ ಬಂದವರು ಕೆಡವಿದ ಚರ್ಚುಗಳನ್ನು ಮತ್ತೆ ಕಟ್ಟಿದರು. ಮಂಗಳೂರಿನ ಮಿಲಾಗ್ರಿಸ್ ಚರ್ಚು 1811ರಲ್ಲಿ ಮತ್ತೆ ಎದ್ದಿತು. ಬಾರ್ಕೂರಿನ ಕೆಥೋಲಿಕನೊಬ್ಬ ಸೆರೆಯಿಂದ ಮರಳಿದ ಮೇಲೆ ತಾನು ಕಂಡುಂಡದ್ದನ್ನು ಬರೆದಿಟ್ಟನು. ‘ಬಾರ್ಕೂರು ಹಸ್ತಪ್ರತಿ’ ಎಂದು ಹೆಸರಾದ ಆ ಬರಹ ಇರುವುದು ಕನ್ನಡದಲ್ಲಿ. ಕೊಂಕಣಿ ಸಮುದಾಯದವನೊಬ್ಬ ತನ್ನವರ ಅತ್ಯಂತ ಕಠಿಣ ಕಾಲವನ್ನು ಕನ್ನಡದಲ್ಲಿ ದಾಖಲಿಸಿದ್ದು ನಮ್ಮ ಭಾಷಾಚರಿತ್ರೆಗೂ ಸಂಬಂಧಿಸಿದ ಸಂಗತಿ.

ದುಬ್ವಾ ಅವರ ಕಟುತನಕ್ಕೆ ಅವರ ಸ್ವಂತ ನಿರಾಸೆಯೂ ಕಾರಣವಾಗಿತ್ತು. ಜನರಂತೆಯೇ ಉಟ್ಟು, ಅವರ ಆಚಾರಗಳನ್ನು ಪಾಲಿಸಿ ಬಾಳಿದ ಅವರು, ಇಷ್ಟು ವರ್ಷಗಳಲ್ಲಿ ತಮ್ಮಿಂದ ಹೊಸದಾಗಿ ಕ್ರೈಸ್ತರಾದವರು 200-300 ಮಂದಿ ಮಾತ್ರವೆಂದೂ ಅವರಲ್ಲಿಯೂ ಹೆಚ್ಚಿನವರು ಗತಿಯಿಲ್ಲದೆ ಬಂದವರೆಂದೂ ಬರೆದರು. ಹಿಂದೂಗಳನ್ನು ಮತಾಂತರಿಸುವುದು ಅಸಾಧ್ಯವೆಂಬ ನಿರ್ಣಯಕ್ಕೆ ಬಂದು 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅವರು ಕಳೆದುಕೊಂಡದ್ದು ತಮ್ಮ ಕಾರ್ಯದ ಮೇಲಿನ ಭರವಸೆಯನ್ನೇ ಹೊರತು ಕ್ರಿಸ್ತನ ಮೇಲಿನ ನಂಬಿಕೆಯನ್ನಲ್ಲ. ಪ್ಯಾರಿಸಿನಲ್ಲಿ ತಮ್ಮ ಮಿಷನ್ ಸಂಸ್ಥೆಯ ಸೇವೆಯಲ್ಲೇ ಮುಂದುವರಿದು 1848ರಲ್ಲಿ ತೀರಿಕೊಂಡರು.

ಅವರ ನಿರಾಸೆಯನ್ನು ಒಪ್ಪದವರೂ ಇದ್ದರು. ಇಂಗ್ಲಿಷ್ ಪಾದ್ರಿ ಜೇಮ್ಸ್ ಹಫ್ 1824ರಲ್ಲಿ ಪುಸ್ತಕರೂಪದ ಉತ್ತರವನ್ನೇ ಕೊಟ್ಟನು. ಬೈಬಲ್ಲಿನ ಭಾಷಾಂತರದಿಂದ ಏನೂ ಆಗದು, ಕೊಬ್ಬಿದ ಕರುವನ್ನು ಕೊಯ್ಯುವ ಕಥೆ ಹಿಂದೂ ಓದುಗನಿಗೆ ಅಸಹ್ಯವೆನಿಸುತ್ತದೆ ಎಂದು ದುಬ್ವಾ ವಾದಿಸಿದ್ದರು. ಅದೇ ಕಾಲದಲ್ಲಿ ಬಳ್ಳಾರಿಯಲ್ಲಿ ಭಾಷಾಂತರ ನಡೆದೇ ಇತ್ತು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದನು. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ಲಿನ ಕೆಲಸವನ್ನು ಕೈಗೆತ್ತಿಕೊಂಡನು. 1831ರ ಹೊತ್ತಿಗೆ ಅದು ಪೂರ್ಣಗೊಂಡಿತು. ಆದವಾನಿ, ಆಲೂರು, ರಾಯದುರ್ಗಗಳು ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಅವು ಆಂಧ್ರಕ್ಕೆ ಹೋದದ್ದು 1953ರ ಅಕ್ಟೋಬರ್ 1ರಂದು. ಕನ್ನಡದ ಮೊದಲ ಸಂಪೂರ್ಣ ಬೈಬಲ್ ಹೀಗೆ ನಮ್ಮ ಸೀಮೆಯ ಕೂಸು.

ಅಧಿಕಾರ ಬದಲಾದಾಗಲೆಲ್ಲ ಜನರು ಏನನ್ನು ಬಿಟ್ಟರೆಂಬುದು ದಾಖಲೆಗಳಲ್ಲಿ ಬೇಗ ಸೇರುತ್ತದೆ. ಏನನ್ನು ಉಳಿಸಿಕೊಂಡರೆಂಬುದು ಬಹುಕಾಲ ಕಾಣುವುದಿಲ್ಲ. ಗಡಿಯ ಕನ್ನಡಿಗರಿಗೆ ಭಾಷೆಯ ವಿಷಯದಲ್ಲಿ ಇದು ಪರಿಚಿತವಾದ ಅನುಭವ. ಬಾರ್ಕೂರಿನವನು ಬರೆದಂಥ ಮನೆಬರಹಗಳು, ಚರ್ಚುಗಳ ಜ್ಞಾನಸ್ನಾನದ ಪುಸ್ತಕಗಳು, ಸಮಾಧಿಯ ಕಲ್ಲುಗಳು ಈ ಭಾಗದಲ್ಲಿಯೂ ಎಲ್ಲೆಲ್ಲಿ ಉಳಿದಿವೆಯೋ ಅಲ್ಲೆಲ್ಲ ಅವುಗಳನ್ನು ಓದಿ ಪ್ರತಿಮಾಡಿಕೊಳ್ಳುವ ಕೆಲಸ ಆಗಬೇಕಾಗಿದೆ.