ಆಯಿಯ ಬೂದಿ ಬುಟ್ಟಿ

ಹುಮನಾಬಾದಿನ ನಮ್ಮ ತವರಿನಲ್ಲಿ ಒಲೆಯ ಬೂದಿಯನ್ನು ಬೀದಿಗೆ ಚೆಲ್ಲುವಂತಿರಲಿಲ್ಲ. ಪಾತ್ರೆ ತಿಕ್ಕಲು ಬೇಕಾದಷ್ಟು ತೆಗೆದಿಟ್ಟು, ಉಳಿದದ್ದನ್ನು ಆಯಿ ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಹಾಕುತ್ತಿದ್ದಳು. ಮಿರಗದ ಮಳೆಗೆ ಮುಂಚೆ ಅದೆಲ್ಲ ಬಂಡಿಯೇರಿ ತೊಗರಿಯ ಹೊಲ ಸೇರುತ್ತಿತ್ತು. ಶಾಲೆ ಕಲಿತ ನಾನು ಒಮ್ಮೆ ನಕ್ಕುಬಿಟ್ಟೆ: “ಸುಟ್ಟು ಹೋದದ್ದರಾಗ ಏನ್ ಸತ್ವ ಇರ್ತದ ಆಯಿ?”

“ಹೊಲದ್ದು ಹೊಲಕ್ಕೇ ಹೋಗಬೇಕವ್ವಾ” ಎಂದಷ್ಟೇ ಅಂದಳು.

ಬಸವಕಲ್ಯಾಣಕ್ಕೆ ಸೊಸೆಯಾಗಿ ಬಂದು, ಮಗಳಿಗೆ ರಸಾಯನಶಾಸ್ತ್ರ ಓದಿಸುವಾಗ ಆ ಮಾತು ಅರ್ಥವಾಯಿತು. ಕುಳ್ಳು ಉರಿದರೆ ಅದರಲ್ಲಿನ ಸಾರಜನಕ ಹೊಗೆಯೊಡನೆ ಹೋಗುತ್ತದೆ. ರಂಜಕ ಮಾತ್ರ ಫಾಸ್ಫೇಟ್ ಆಗಿ, ಅಂದರೆ ಫಾಸ್ಫಾರಿಕ್ ಆಮ್ಲದ ಲವಣವಾಗಿ, ಬೂದಿಯಲ್ಲೇ ಉಳಿಯುತ್ತದೆ.

ಈ ರಂಜಕದ ಕಥೆ ದೊಡ್ಡದು. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಂಗ್ ಬ್ರಾಂಡ್ ಚಿನ್ನದ ಆಸೆಗೆ ಮೂತ್ರವನ್ನು ಕುದಿಸಿ ಬತ್ತಿಸಿದ. ಸಿಕ್ಕಿದ್ದು ಕತ್ತಲಲ್ಲಿ ಹೊಳೆಯುವ ರಂಜಕ. ಸುಮಾರು ನೂರು ವರ್ಷಗಳ ಮೇಲೆ ಸ್ವೀಡನ್ನಿನ ಗಾನ್ ಮತ್ತು ಶೀಲೆ ಅದನ್ನು ಎಲುಬಿನಲ್ಲಿ ಕಂಡರು. 1842ರಲ್ಲಿ ಇಂಗ್ಲೆಂಡಿನ ಜಾನ್ ಲಾಸ್, ಎಲುಬಿನಂಥ ಫಾಸ್ಫೇಟಿಗೆ ಗಂಧಕಾಮ್ಲ ಬೆರೆಸಿ ಗೊಬ್ಬರ ಮಾಡುವ ಪೇಟೆಂಟ್ ಪಡೆದ. ಮುಂದೆ ನಮ್ಮ ದೇಶದ ದನಗಳ ಎಲುಬುಗಳೂ ಹಡಗು ಹತ್ತಿ ಹೋದವು. ಇಲ್ಲಿ ರೈತರು ಸಗಣಿ ಸುಡುವುದು ಅಜ್ಞಾನದಿಂದಲ್ಲ, ಸೌದೆಯಿಲ್ಲದೆ ಎಂದು ಬ್ರಿಟಿಷ್ ತಜ್ಞ ವೋಲ್ಕರ್ 1893ರ ತನ್ನ ವರದಿಯಲ್ಲಿ ಬರೆದ. ಆಯಿಯ ಪರವಾಗಿ ಒಬ್ಬ ಸಾಕ್ಷಿ ಸಿಕ್ಕಂತಾಯಿತು ನನಗೆ.

ಫಾಸ್ಫೇಟ್ ಹೊಲದ್ದಷ್ಟೇ ಅಲ್ಲ, ಮೈಯೊಳಗಿನದೂ ಹೌದು. ನಮ್ಮ ಎಲುಬು ಹಲ್ಲುಗಳಿಗೆ ಗಟ್ಟಿತನ ಕೊಡುವುದು ಅದು. ತಾಯಿಯ ಗುಣ ಮಗುವಿಗೆ ದಾಟಿಸುವ ಡಿಎನ್‌ಎ ಎಳೆಯನ್ನು ಹೊಸೆಯುವುದೂ ಅದೇ. ಭೀಮವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ 1925ರಲ್ಲಿ ಅಮೆರಿಕದಲ್ಲಿ ಫಿಸ್ಕೆಯವರೊಡನೆ ರಂಜಕ ಅಳೆಯುವ ವಿಧಾನ ರೂಪಿಸಿದರು. 1929ರಲ್ಲಿ ಇಬ್ಬರೂ ಸ್ನಾಯುವಿನಲ್ಲಿ ಎಟಿಪಿಯನ್ನು ಗುರುತಿಸಿದರು. ಆಯಿ ಬುಟ್ಟಿ ಎತ್ತಿದ ಬಲವೂ ಅದರದೇ.

ಈಗ ನಮ್ಮ ಹೊಲಕ್ಕೆ 50 ಕಿಲೋ ಡಿಎಪಿ ಚೀಲ ಬರುತ್ತದೆ. ಫಾಸ್ಫಾರಿಕ್ ಆಮ್ಲಕ್ಕೆ ಅಮೋನಿಯ ಸೇರಿಸಿ ಮಾಡಿದ್ದು. ಅದರ ಮೂಲವಾದ ಕಲ್ಲು ಮೊರೊಕ್ಕೊ, ಜೋರ್ಡಾನ್‌ಗಳಂಥ ದೂರದ ನಾಡಿನಿಂದ ಬರಬೇಕು. ಒಂದು ವರ್ಷ ಮೈದುನ ಬೆಳಗಿನಿಂದ ಸಾಲಿನಲ್ಲಿ ನಿಂತು ಬರಿಗೈಲಿ ಬಂದ. ಬಿತ್ತನೆ ತಡವಾಯಿತು. ಅಂದು ಒಲೆಯ ಕಡೆ ನೋಡಿದೆ: ಗ್ಯಾಸು, ಒಂದು ಚಿಟಿಕೆ ಬೂದಿಯಿಲ್ಲ.

ಬುಟ್ಟಿ ಬೂದಿಯಿಂದ ಎಕರೆ ಹೊಲ ತುಂಬದು, ಬಲ್ಲೆ. ಆದರೂ ಕಾಯಿಪಲ್ಯದ ಸಿಪ್ಪೆ, ಕಸಕಡ್ಡಿ ಕೂಡಿಟ್ಟು ತಿಪ್ಪೆಗೆ ಕಳಿಸುತ್ತೇನೆ. ಮಗಳು ನಗುತ್ತಾಳೆ. ನಗಲಿ. ನಾನೂ ನಕ್ಕಿದ್ದೆ, ತಪ್ಪಾಯಿತು ಎನ್ನಲು ಈಗ ಆಯಿ ಇಲ್ಲ.